ಇಪ್ಪತ್ತು ಮಾತುಗಳ ಪಟ್ಟಿ

ಮನೆಯಿಂದ,
ಡಿಸೆಂಬರ್ ೧೨, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಅರೆತಲೆನೋವು ಈಗಲೂ ಬರುತ್ತಿದೆಯೇ? ಬಂದಾಗ ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಸ್ವಲ್ಪ ಹೊತ್ತು ಒರಗಲು ನಿನ್ನ ಆಫೀಸಿನಲ್ಲಿ ಬಿಡುತ್ತಾರೋ ಇಲ್ಲವೋ. ಕನ್ನಡಕದ ನಂಬರು ಬದಲಾಗಿದ್ದರೂ ಹಾಗಾಗುತ್ತದಂತೆ, ಒಮ್ಮೆ ತೋರಿಸು. ನಾನು ಚೆನ್ನಾಗಿದ್ದೇನೆ. ಅತ್ತೆಯ ಆರೋಗ್ಯ ಅವಳ ಪ್ರಕಾರ ಇವತ್ತೋ ನಾಳೆಯೋ ಎಂಬಂತಿದೆ, ನಮ್ಮ ಕಣ್ಣಿಗೆ ಗುಂಡುಕಲ್ಲಿನಂತಿದ್ದಾಳೆ. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಒಂದು ಸೂಟ್‌ಕೇಸು, ಎರಡು ದಿಂಬು ಹಿಡಿದುಕೊಂಡು ಬಂದು ನಿನ್ನ ರೂಮಿನಲ್ಲಿ ಇಳಿದಳು. "ನನ್ನ ತಮ್ಮನ್ನ ನಾನು ನೋಡ್ಕೊಳ್ದೆ ಪಕ್ಕದ ಮನೆಯವ್ರು ನೋಡ್ಕೋತಾರಾ" ಎಂದು ಬಾಗಿಲಲ್ಲೇ ಹೇಳಿದಳು. ಯಾರೂ ಬೇಡವೆಂದಿರಲಿಲ್ಲ.

ಅಪ್ಪ ನಡೆಯುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಬಲಗೈಯಲ್ಲಿ ಲೋಟ ಹಿಡಿಯಬಹುದು, ಸ್ಕ್ರೂಡ್ರೈವರ್ ಆಗುವುದಿಲ್ಲ. ಅಂಗಡಿಯ ಬಾಗಿಲು ಹಾಕಿಯೇ ಇದೆ. ರಿಪೇರಿಗೆ ಬಂದಿದ್ದ ಏಳು ಹೊಲಿಗೆ ಯಂತ್ರಗಳನ್ನು ಅವರವರ ಮನೆಗೆ ವಾಪಸು ಮುಟ್ಟಿಸಿದೆ. ಬಿಪಿ ಹಿಡಿತದಲ್ಲಿದೆ. ಊಟ ಚೆನ್ನಾಗಿ ಮಾಡುತ್ತಾರೆ. ಮಾತು ಹೋಗಿದೆ.

ಜೂನ್‌ನಲ್ಲಿ ನಾನು "ಅಪ್ಪನಿಗೆ ಸ್ಟ್ರೋಕ್ ಆಗಿದೆ" ಎಂದು ಮೆಸೇಜು ಹಾಕಿದಾಗ ನೀನು "ಉಳೀತಾರಾ" ಎಂದು ಕೇಳಿದೆ. ನಾನು "ಹೂಂ" ಎಂದೆ. ಅಲ್ಲಿಗೆ ಮುಗಿಯಿತು. ಫೋನು ಮಾಡಿದರೆ ನಾನು ಎಲ್ಲ ಸರಿ ಇದೆ ಎಂದುಬಿಡುತ್ತೇನೆ, ನಿನಗೆ ನನ್ನ ವಿಷಯ ಗೊತ್ತಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾನು ಮಾಡಿದ ಒಂದು ಕೆಲಸವನ್ನು ನಿನಗೆ ಹೇಳಬೇಕಿದೆ. ಅದು ನಿನಗೆ ಸಂಬಂಧಪಟ್ಟದ್ದು. ಮೊದಲಿನಿಂದ ಹೇಳಿದರೆ ಮಾತ್ರ ಅರ್ಥವಾಗುತ್ತದೆ, ಸ್ವಲ್ಪ ತಾಳ್ಮೆ ತಂದುಕೋ.

ಆಗಸ್ಟ್‌ನಿಂದ ಅಪ್ಪನನ್ನು ವಿಶ್ವವಿದ್ಯಾಲಯದ ಮಾತಿನ ಚಿಕಿತ್ಸೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮಂಗಳವಾರ ಮತ್ತು ಗುರುವಾರ, ಹತ್ತೂವರೆಗೆ. ಎರಡನೇ ಮಹಡಿ. ಕಾರಿಡಾರಿನಲ್ಲಿ ಕಾಯುವ ಕುರ್ಚಿಗಳಲ್ಲಿ ಅರ್ಧ ಮಕ್ಕಳ ಅಳತೆಯವು, ಯಾಕೆಂದರೆ ಅಲ್ಲಿಗೆ ಬರುವವರಲ್ಲಿ ಅರ್ಧ ಮಕ್ಕಳೇ. ಮೊದಲ ದಿನ ಅತ್ತೆ ನೋಡದೆ ಹಳದಿ ಬಣ್ಣದ ಪುಟ್ಟ ಕುರ್ಚಿಯ ಮೇಲೆ ಕೂತುಬಿಟ್ಟಳು. ಏಳಿಸಲು ಇಬ್ಬರು ಬೇಕಾಯಿತು. ಅಲ್ಲಿ ಚಿಕಿತ್ಸೆ ಕೊಡುವವರು ವಿದ್ಯಾರ್ಥಿಗಳು. ಒಂದು ಟರ್ಮಿಗೆ ಒಬ್ಬರು. ಟರ್ಮು ಮುಗಿದರೆ ಆ ವಿದ್ಯಾರ್ಥಿ ಹೋಗಿ ಇನ್ನೊಬ್ಬರು ಬರುತ್ತಾರೆ. ಚಿಕಿತ್ಸೆಯ ಕೋಣೆಯ ಒಂದು ಗೋಡೆಗೆ ದೊಡ್ಡ ಕನ್ನಡಿ. ಒಳಗಿನವರಿಗೆ ಅದು ಕನ್ನಡಿ, ಆಚೆ ಕೋಣೆಯಲ್ಲಿ ಕೂತವರಿಗೆ ಕಿಟಕಿ. ಆ ಕೋಣೆಯಲ್ಲಿ ದೀಪ ಹಾಕುವುದಿಲ್ಲ. ಮೇಲ್ವಿಚಾರಕಿ ಮೇಡಂ, ನಾಲ್ಕೈದು ವಿದ್ಯಾರ್ಥಿಗಳು, ಮನೆಯವರು ಎಲ್ಲರೂ ಸಾಲಾಗಿ ಕೂತು ಒಳಗೆ ನಡೆಯುವುದನ್ನು ನೋಡುತ್ತೇವೆ. ಗೋಡೆಯ ಸ್ಪೀಕರಿನಲ್ಲಿ ಮಾತು ಕೇಳುತ್ತದೆ. ನನಗೆ ಆ ಜಾಗ ಹಿಡಿಸಿತು. ಯಾರೂ ನನ್ನನ್ನು ನೋಡುವುದಿಲ್ಲ, ನಾನು ಎಲ್ಲರನ್ನೂ ನೋಡಬಹುದು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಅಪ್ಪನಿಗೆ ಸಿಕ್ಕ ಹುಡುಗಿ ನನಗಿಂತ ಒಂದೆರಡು ವರ್ಷ ಚಿಕ್ಕವಳು. ಅತ್ತೆ ಅವಳಿಗೆ ಮರಿ ಡಾಕ್ಟರು ಎಂದು ಹೆಸರಿಟ್ಟಳು. ಹೆದರಿಕೊಂಡಾಗ ಪೆನ್ನಿನ ಕ್ಯಾಪನ್ನು ಬೆರಳುಗಳ ನಡುವೆ ಉರುಳಿಸುತ್ತಾಳೆ. ಅವಳು ಕಷ್ಟಪಟ್ಟು ಕೆಲಸ ಮಾಡಿದಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ನಿನಗೆ ಅವಳ ಮೇಲೆ ಸಿಟ್ಟು ಬರಬಾರದು. ಮೊದಲ ವಾರ ಅವಳು ನನ್ನ ಕೈಗೆ ಒಂದು ಹಾಳೆ ಕೊಟ್ಟು, ಅಪ್ಪನಿಗೆ ದಿನಾ ಬೇಕಾಗುವ ಇಪ್ಪತ್ತು ಮಾತು ಬರೆದುಕೊಡಿ, ಮೊದಲು ಅವನ್ನೇ ವಾಪಸು ತರೋಣ ಎಂದಳು. ನಾನು ಸಾಹಿತ್ಯ ಓದಿದವಳು, ಇಪ್ಪತ್ತು ಮಾತು ಆರಿಸುವುದು ನನಗೆ ಎಷ್ಟರ ಕೆಲಸ ಎಂದುಕೊಂಡೆ. ಎರಡು ದಿನ ತೆಗೆದುಕೊಂಡೆ. ಬೆಳಕು ಎಂದು ಬರೆದಿದ್ದೆ. ನೆಮ್ಮದಿ ಎಂದು ಬರೆದಿದ್ದೆ. ಅವಳು ಓದಿ, ಕ್ಯಾಪು ಉರುಳಿಸಿ, "ತುಂಬಾ ಚೆನ್ನಾಗಿದೆ ಮೇಡಂ... ಆದ್ರೆ ಅಂಕಲ್‌ಗೆ ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ?" ಎಂದು ಕೇಳಿದಳು. ಅತ್ತೆ ನಕ್ಕಿದ್ದು ಕಾರಿಡಾರಿನ ತುದಿಯವರೆಗೆ ಕೇಳಿರಬೇಕು. ಹೊಸದಾಗಿ ಬರೆದೆವು. ನೀರು, ಟೀ, ಸಾಕು, ಬೇಡ, ನೋವು, ಬಾತ್‌ರೂಮು, ಕಿಟಕಿ, ಫ್ಯಾನು, ಕನ್ನಡಕ, ಚಪ್ಪಲಿ. ಅಂಗಡಿಯ ಮಾತುಗಳು ಕೆಲವು, ಸೂಜಿ, ದಾರ, ಎಣ್ಣೆ. ಅತ್ತೆ ತನ್ನ ಹೆಸರು ಟೀಗಿಂತ ಮೇಲೆ ಇರಬೇಕೆಂದು ಹಟ ಹಿಡಿದಳು. ನನ್ನ ಹೆಸರು ಇತ್ತು. ಅಮ್ಮನ ಹೆಸರೂ ಇತ್ತು, ಅಮ್ಮ ಇಲ್ಲದಿದ್ದರೂ. ನಿನ್ನದು ಇರಲಿಲ್ಲ. ಬಿಟ್ಟೆ ಎಂದು ಕೂಡ ನನಗೆ ಅನ್ನಿಸಲಿಲ್ಲ. ಮೂರು ವರ್ಷದ ಅಭ್ಯಾಸ.

ಮೊದಲ ತಿಂಗಳು ಕೆಲವು ತಮಾಷೆಗಳೂ ಆದವು. ಹೊಲಿಗೆ ಯಂತ್ರದ ಚಿತ್ರವೊಂದನ್ನು ತೋರಿಸಿ ಇದೇನು ಎಂದು ಕೇಳಿದಳು. ಅಪ್ಪ ಹೆಸರು ಹೇಳಲಿಲ್ಲ. ಅವಳ ಪೆನ್ಸಿಲ್ ಕಿತ್ತುಕೊಂಡು, ಎಡಗೈಯಲ್ಲಿ, ಆ ಚಿತ್ರದಲ್ಲಿ ದಾರ ಹೋಗುವ ದಾರಿ ತಪ್ಪಾಗಿದ್ದದ್ದನ್ನು ತಿದ್ದಿ ಬರೆದರು. ಆಮೇಲೆ ಚಿತ್ರವನ್ನು ಅವಳ ಕಡೆಗೆ ತಿರುಗಿಸಿ ಎರಡು ಸಲ ಕುಟ್ಟಿದರು. ಕತ್ತಲ ಕೋಣೆಯಲ್ಲಿ ನನ್ನ ಪಕ್ಕ ಕೂತಿದ್ದ ಮೇಡಂ, "ನೋಡ್ರಪ್ಪಾ, ಅಂಕಲ್ ನಮಗೇ ಮಾರ್ಕ್ಸ್ ಕಟ್ ಮಾಡ್ತಿದಾರೆ" ಎಂದರು. ಯಂತ್ರಗಳ ಹತ್ತಿರ ಅಪ್ಪ ಎಷ್ಟು ಮಾತಾಡುತ್ತಿದ್ದರು ನೆನಪಿದೆಯೇ? ಏನಮ್ಮಾ ಯಾಕೆ ಮುನಿಸು, ಸ್ವಲ್ಪ ತಿರುಗು ತಾಯಿ ಎಂದೆಲ್ಲ. ನಮ್ಮ ಹತ್ತಿರ ಅಷ್ಟು ಆಡಿದ್ದು ನನಗೆ ನೆನಪಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸ್ಟ್ರೋಕ್ ಆಗಿ ಐದನೇ ದಿನ, ಆಸ್ಪತ್ರೆಯಲ್ಲಿ, ಅಪ್ಪನ ಬಾಯಿಂದ ಮೊದಲು ಬಂದ ಮಾತು ಮಿಮ್ಮಿ. ಆಮೇಲೆ ಬಂದದ್ದೆಲ್ಲ ಅದೇ. ನೀರು ಬೇಕಾದರೂ ಮಿಮ್ಮಿ, ಫ್ಯಾನು ಜೋರಾದರೂ ಮಿಮ್ಮಿ, ನರ್ಸು ಸೂಜಿ ಚುಚ್ಚಿದಾಗಲೂ ಮಿಮ್ಮಿ. ಆದ್ದರಿಂದ ಪ್ರತಿ ಸಲವೂ ನಿನ್ನನ್ನೇ ಕರೆಯುತ್ತಿದ್ದರು ಎಂದುಕೊಳ್ಳಬೇಡ. ಇಲ್ಲದ್ದನ್ನು ನಿನಗೆ ಹೇಳಬಾರದು. ಮಿದುಳಿಗೆ ಪೆಟ್ಟಾದಾಗ ಒಂದೇ ಮಾತು ನಾಲಿಗೆಗೆ ಅಂಟಿಕೊಳ್ಳುವುದುಂಟಂತೆ, ಏನು ಹೇಳಹೊರಟರೂ ಅದೇ ಮುಂದೆ ನುಗ್ಗುತ್ತದಂತೆ. ಆದರೆ ಡೋರ್‌ಬೆಲ್ ಆದಾಗ ಮಾತ್ರ ಅವರು ಅದನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದರು, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ, ಕೇಳುವ ಹಾಗೆ. ಇದೂ ನಿಜ.

ಮೂರನೆಯ ಭೇಟಿಯ ನಂತರ ಮರಿ ಡಾಕ್ಟರು ಕಾರಿಡಾರಿಗೆ ಬಂದು ನನ್ನನ್ನು ಕೇಳಿದಳು. "ಅಂಕಲ್ ಯಾವಾಗ್ಲೂ ಮಿಮ್ಮಿ ಮಿಮ್ಮಿ ಅಂತಾರಲ್ಲ, ಮನೇಲಿ ಅದಕ್ಕೇನಾದ್ರೂ ಅರ್ಥ ಇದೆಯಾ? ಯಾರದಾದ್ರೂ ಹೆಸರಾ?" ಇಷ್ಟು ಸ್ಪಷ್ಟವಾಗಿ ಕೇಳಿದಳು. ಅವಳ ಹಿಂದೆ ಮೇಡಂ ಇದ್ದರು, ಇನ್ನೂ ಮೂರು ಜನ ವಿದ್ಯಾರ್ಥಿಗಳು ಪುಸ್ತಕ ತೆರೆದು ನಿಂತಿದ್ದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು. "ಇಲ್ಲ, ಸುಮ್ನೆ ಒಂದು ಶಬ್ದ" ಎಂದೆ. ಅವಳು ಬರೆದುಕೊಂಡಳು.

ಆ ಹೆಸರು ಹುಟ್ಟಿದ್ದೇ ನನ್ನಿಂದ. ಒಂದೂವರೆ ವರ್ಷದವಳಿದ್ದಾಗ ನಿನ್ನ ಉದ್ದ ಹೆಸರು ಹೇಳಲಾಗದೆ ನಾನು ಮಿಮ್ಮಿ ಎಂದೆನಂತೆ, ಮನೆಯವರೆಲ್ಲ ಅದನ್ನೇ ಹಿಡಿದರು. ನಿನ್ನ ಸರಿಯಾದ ಹೆಸರು ಸ್ಕೂಲಿನ ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಹಾಗಿರುವಾಗ ಅದಕ್ಕೆ ಅರ್ಥವಿಲ್ಲ ಎಂದು ಹೇಳಿದವಳೂ ನಾನೇ. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಯೋಚಿಸಿದ್ದೇನೆ. ಅಮ್ಮ ಹೋದ ವಾರ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಅಂತ ಬಡ್ಕೊಂಡೆ, ನೀವು ಕೇಳಲಿಲ್ಲ, ನೀವೇ ಅವಳನ್ನ ಕೊಂದಿದ್ದು ಎಂದು ಅಪ್ಪನಿಗೆ ಹೇಳಿದೆ. ನೀನು ಹೋದ ಮೇಲೆ ಅಪ್ಪ ಅದೇ ಬಾಗಿಲಲ್ಲಿ ನಿಂತು, "ಇನ್ಮೇಲೆ ಈ ಮನೇಲಿ ಅವಳ ಹೆಸರು ಎತ್ತಕೂಡದು" ಎಂದರು. ನಾನು ಎತ್ತಲಿಲ್ಲ. ಯಾರಾದರೂ ಕೇಳಿದರೆ ಇಲ್ಲ ಎನ್ನುವುದು ಉಸಿರಾಟದಷ್ಟು ಸಲೀಸಾಗಿತ್ತು. ಬಸ್ಸಿನಲ್ಲಿ ಅತ್ತೆ ಹೇಳಿದಳು, "ಒಳ್ಳೇದೇ ಮಾಡ್ದೆ ಬಿಡು. ಹೆಸರು ಅಂದ್ರೆ ಯಾರು ಅಂತಾರೆ, ಯಾರು ಅಂದ್ರೆ ಎಲ್ಲಿ ಅಂತಾರೆ. ಗಾಜಿನ ಹಿಂದೆ ಕೂತ ಮಕ್ಕಳೆಲ್ಲಾ ನಮ್ಮನೆ ಜಗಳ ಬರ್ಕೋಬೇಕಾ?" ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಕೇಳಿಸಿತೋ ಇಲ್ಲವೋ.

ಅಂಟಿಕೊಂಡ ಮಾತನ್ನು ಬಿಡಿಸುವ ಕ್ರಮ ಹೀಗೆ. ಅಪ್ಪ ಮಿಮ್ಮಿ ಎನ್ನಲು ತುಟಿ ಮುಚ್ಚಿದ ಕೂಡಲೇ ಎದುರಿನವರು ಅಂಗೈ ಎತ್ತಿ ತೋರಿಸಬೇಕು. ಬಯ್ಯಬಾರದು. ಅಂಗೈ ಎತ್ತಿ, ಉಸಿರು ತೆಗೆದುಕೊಳ್ಳಿ ಎಂದು ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಆಮೇಲೆ ಬೇಕಾದ ಮಾತಿನ ಮೊದಲ ಅಕ್ಷರ ಎತ್ತಿಕೊಡಬೇಕು. ಅಪ್ಪ ಎಡಗೈಯಿಂದ ಮೇಜು ತಟ್ಟುತ್ತಾ ಉಳಿದದ್ದನ್ನು ಹೇಳಬೇಕು. ಕ್ಲಿನಿಕ್ಕಿನಲ್ಲಿ ವಾರಕ್ಕೆ ಎರಡು ದಿನ ಮಾಡಿದರೆ ಏನೂ ಆಗುವುದಿಲ್ಲ, ಮನೆಯಲ್ಲಿ ದಿನವಿಡೀ ಮಾಡಬೇಕು ಎಂದರು. ಮಾಡಿದೆ. ಎಷ್ಟು ಸಲ ಹೇಳಿದರೆಂದು ಗೆರೆ ಹಾಕಿಡಲು ಒಂದು ಪುಸ್ತಕ ಕೊಟ್ಟಿದ್ದರು. ಹಾಕಿದೆ. ಮೊದಲ ದಿನ ನಲವತ್ತೊಂದು. ತಿಂಗಳು ಕಳೆದ ಮೇಲೆ ಇಪ್ಪತ್ತರ ಸುತ್ತಮುತ್ತ. ಅಕ್ಟೋಬರ್ ಕೊನೆಗೆ ದಿನಕ್ಕೆ ಐದು, ಆರು. ಡೋರ್‌ಬೆಲ್ ಆದಾಗ ಹೇಳಿದ್ದಕ್ಕೂ ಅಂಗೈ ಎತ್ತಿದ್ದೇನೆ. ಅದಕ್ಕೂ ಗೆರೆ ಹಾಕಿದ್ದೇನೆ. ನಾನು ಕೈ ಎತ್ತಿದಾಗಲೆಲ್ಲ ಅತ್ತೆ ಎದ್ದು ಹೋಗಿ ಪಾತ್ರೆಗಳನ್ನು ಇಲ್ಲಿಂದ ಅಲ್ಲಿಗೆ ಇಡುತ್ತಿದ್ದಳು. ಒಂದು ದಿನ ಒಳಗಿಂದಲೇ, "ಅವನಿಗೆ ಕೈ ತೋರಿಸ್ಬೇಡ ಕಣೇ, ನೋಡಕ್ಕಾಗಲ್ಲ" ಎಂದಳು. ಚಿಕಿತ್ಸೆ ಅತ್ತೆ ಎಂದೆ. ನನಗೆ ಏನನ್ನಿಸುತ್ತಿತ್ತು ಎಂದು ನೀನು ಕೇಳಬಹುದು. ಏನೂ ಅನ್ನಿಸುತ್ತಿರಲಿಲ್ಲ. ಗೆರೆ ನೇರವಾಗಿ ಬರಲಿ ಎಂದು ನೋಡುತ್ತಿದ್ದೆ.

ನವೆಂಬರ್ ಹದಿನೇಳರಿಂದ ಪುಸ್ತಕದಲ್ಲಿ ಗೆರೆಗಳಿಲ್ಲ.

ಡಿಸೆಂಬರ್ ಮೂರರಂದು ಟರ್ಮಿನ ಕೊನೆಯ ಪ್ರದರ್ಶನ. ಅಪ್ಪ ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿಕೊಂಡಿದ್ದರು. ಇಪ್ಪತ್ತರಲ್ಲಿ ಹದಿನಾಲ್ಕು ಮಾತು ಹೇಳಿದರು. ಅಮ್ಮನ ಹೆಸರು ಹೇಳುವಾಗ ಮೇಜು ತಟ್ಟಲಿಲ್ಲ, ತಟ್ಟದೆಯೇ ಬಂತು. ಸಾಕು ಎಂಬುದನ್ನು ಎಷ್ಟು ಖಡಕ್ಕಾಗಿ ಹೇಳಿದರೆಂದರೆ ಕತ್ತಲ ಕೋಣೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಮರಿ ಡಾಕ್ಟರು ನಮ್ಮ ಕೋಣೆಗೆ ಬಂದು ಪರದೆಯ ಮೇಲೆ ಎರಡು ಗೆರೆ ತೋರಿಸಿದಳು, ಒಂದು ಮೇಲೇರುವುದು, ಅದು ಕಲಿತ ಮಾತುಗಳು. ಇನ್ನೊಂದು ಇಳಿಯುತ್ತಾ ಹೋಗಿ ತಳ ಮುಟ್ಟುವುದು, ಅದು ಅಂಟಿಕೊಂಡ ಮಾತು. "ಮನೆಯವರ ಸಹಕಾರ ಇಲ್ಲದಿದ್ರೆ ಇದು ಆಗ್ತಾನೇ ಇರ್ಲಿಲ್ಲ" ಎಂದು ನನ್ನ ಕಡೆ ತಿರುಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಒಳ್ಳೆಯ ಗ್ರೇಡು ಬಂತು. ನಾನು ಥ್ಯಾಂಕ್ಸ್ ಎಂದೆ.

ಅದಾದ ಭಾನುವಾರ ಮಧ್ಯಾಹ್ನ ಅಪ್ಪ ಹಾಲಿನಲ್ಲಿ ಕೂತಿದ್ದರು, ನಾನು ಎದುರಿಗೆ ಬಟ್ಟೆ ಮಡಚುತ್ತಿದ್ದೆ. ಡೋರ್‌ಬೆಲ್ ಆಯಿತು. ಮೇಲಿನ ಮನೆಗೆ ಬಂದ ಪಾರ್ಸೆಲ್, ತಪ್ಪಿ ನಮ್ಮ ಬೆಲ್ ಒತ್ತಿದ್ದರು. ಬಾಗಿಲು ಹಾಕಿ ತಿರುಗಿದಾಗ ಅಪ್ಪ ಬಾಗಿಲ ಕಡೆ ನೋಡುತ್ತಿದ್ದರು. ತುಟಿ ಮುಚ್ಚಿಕೊಂಡಿತು, ಆ ಅಕ್ಷರಕ್ಕೆ ಮುಚ್ಚಿಕೊಳ್ಳುವ ಹಾಗೆ. ನಾನು ಏನೂ ಮಾಡಲಿಲ್ಲ, ನನ್ನ ಎರಡೂ ಕೈಯಲ್ಲಿ ಟವೆಲ್ ಇತ್ತು. ಅಪ್ಪ ತಮ್ಮ ಎಡಗೈಯನ್ನು ತಾವೇ ಎತ್ತಿದರು. ಅಂಗೈಯನ್ನು ತಮ್ಮ ಮುಖದ ಮುಂದೆ ಹಿಡಿದುಕೊಂಡರು. ಉಸಿರು ತೆಗೆದುಕೊಂಡರು. ಹತ್ತು ಎಣಿಸುವಷ್ಟು ಹೊತ್ತು ಹಾಗೇ ಕೂತಿದ್ದು, ಕೈ ಇಳಿಸಿ, ಕುರ್ಚಿಯ ತೋಳು ತಟ್ಟಿ, "ಕಿಟಕಿ" ಎಂದರು. ಸರಿಯೋ ಎಂದು ನನ್ನ ಮುಖ ನೋಡಿದರು. ಸರಿ ಎಂದು ಹೇಳುವುದನ್ನು ನನಗೆ ಕಲಿಸಿದ್ದರು. "ಸರಿ ಅಪ್ಪಾ" ಎಂದೆ. ಹೋಗಿ ಕಿಟಕಿ ತೆರೆದೆ.

ಮೊನ್ನೆ ಗುರುವಾರ ಮನೆಯವರಿಗೆ ವರದಿ ಕೊಡುವ ದಿನವಿತ್ತು. ಮೇಡಂ ವರದಿ ಓದಿ ಮುಗಿಸಿ, ಮುಂದಿನ ಟರ್ಮಿಗೆ ಯಾವ ಮಾತು ಸೇರಿಸೋಣ ಎಂದು ಕೇಳಿದರು. ಮಿಮ್ಮಿ ಎಂದೆ. ಅದನ್ನು ಬಾಯಿಬಿಟ್ಟು ಹೇಳಿ ಮೂರು ವರ್ಷವಾಗಿತ್ತು, ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. ನನ್ನ ಅಕ್ಕ, ಹೆಸರು ಎತ್ತಬಾರದು ಎಂದು ಅಪ್ಪನೇ ಹೇಳಿದ್ದರು, ನಾನು ಸುಳ್ಳು ಹೇಳಿದೆ ಎಂದೆ. ಮರಿ ಡಾಕ್ಟರ ಕೈಯಿಂದ ಪೆನ್ನಿನ ಕ್ಯಾಪು ಬಿದ್ದು ಮೇಜಿನ ಕೆಳಗೆ ಹೋಯಿತು. ಅವಳು ಅದನ್ನು ಹುಡುಕಲಿಲ್ಲ. "ನಾನು ಕೇಳಿದ್ದೆ... ಹೆಸರಾ ಅಂತ ಕೇಳಿದ್ದೆ ಅಲ್ವಾ?" ಎಂದಳು. ಕೇಳಿದ್ದಿರಿ ಎಂದೆ. ಅವಳ ಕಣ್ಣಲ್ಲಿ ನೀರು ಬಂತು, ನನಗೆ ಬರಲಿಲ್ಲ. ಮೇಡಂ ಯಾರನ್ನೂ ಬಯ್ಯಲಿಲ್ಲ. ನನ್ನ ಹತ್ತಿರ ನಿನ್ನ ಫೋಟೋ ಇದೆಯೇ ಎಂದು ಕೇಳಿದರು. ನಿಘಂಟಿನ ಒಳಗೆ ಇಟ್ಟಿದ್ದನ್ನು ತಂದಿದ್ದೆ, ನೀನು ಕಾಲೇಜಿಗೆ ಸೇರಿದ ವರ್ಷದ್ದು. ಅಪ್ಪನನ್ನು ಒಳಗೆ ಕರೆದು ಅದನ್ನು ಅವರ ಮುಂದೆ ಇಟ್ಟರು. ಅಪ್ಪ ತುಂಬಾ ಹೊತ್ತು ನೋಡಿದರು. ಮೇಲಿದ್ದ ಬೆರಳಚ್ಚನ್ನು ಶರ್ಟಿನ ತುದಿಯಿಂದ ಒರೆಸಿದರು. "ಯಾರು ಅಂಕಲ್?" ಎಂದು ಮರಿ ಡಾಕ್ಟರು ಕೇಳಿದಳು. ತುಟಿ ಮುಚ್ಚಿಕೊಂಡಿತು. ಅಪ್ಪ ಅಂಗೈ ಎತ್ತಿದರು. ಮೂರು ಸಲ ಕೇಳಿದಳು, ಮೂರು ಸಲವೂ ಅಂಗೈ. ಕೊನೆಗೆ ಫೋಟೋವನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದರು.

ಮಾತು ಅಳಿಸಿಹೋಗಿಲ್ಲ, ತಡೆದಿಟ್ಟಿದ್ದೇವೆ, ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದು ಮೇಡಂ ಹೇಳಿದರು. ಫೋಟೋ ಸಾಲದು ಎಂದೂ ಹೇಳಿದರು. ವಸ್ತುಗಳ ಹೆಸರನ್ನು ಚಿತ್ರ ತೋರಿಸಿ ಕಲಿಸಬಹುದಂತೆ. ಮನುಷ್ಯರನ್ನು ಕರೆಯುವುದಕ್ಕೆ, ಕರೆದರೆ ತಿರುಗಿ ನೋಡುವವರು ಎದುರಿಗಿರಬೇಕಂತೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಹೇಳ್ಬಿಟ್ಯಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅವತ್ತು ನಾನು ಜಿಪ್ಪು ಎಳೀತಾ ಇರ್ಬಾರ್ದಿತ್ತು" ಎಂದಳು. ನಿನಗೆ ಕಾಗದ ಬರೆಯುತ್ತಿದ್ದೇನೆ ಎಂದು ತಿಳಿದು ಎರಡು ಸಲ ಬಂದು ಬಗ್ಗಿ ನೋಡಿದ್ದಾಳೆ. "ಆಶೀರ್ವಾದ ಗೀಶೀರ್ವಾದ ಬರೀಬೇಡ, ನನ್ನ ಕೋಪ ಇನ್ನೂ ಹೋಗಿಲ್ಲ ಅಂತ ಬರಿ" ಎಂದಿದ್ದಾಳೆ, ಬರೆದಿದ್ದೇನೆ. ನಿನ್ನ ರೂಮಿನಿಂದ ತನ್ನ ದಿಂಬುಗಳನ್ನು ಬೆಳಿಗ್ಗೆ ನನ್ನ ರೂಮಿಗೆ ಸಾಗಿಸಿದ್ದಾಳೆ, ಅದನ್ನು ಬರೆಯಲು ಹೇಳಲಿಲ್ಲ, ನಾನೇ ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ, ಅದಕ್ಕೆ ಬೇಕಾದ ಭಾವನೆ ನನ್ನಲ್ಲಿ ಇನ್ನೂ ಬಂದಿಲ್ಲ. ಬಂದಾಗ ಕೇಳುತ್ತೇನೆ. ಹೊತ್ತು ಹೊತ್ತಿಗೆ ಊಟ ಮಾಡು, ಕಣ್ಣು ತೋರಿಸು.

ಇಂತಿ, ನಿನ್ನನ್ನು ಮೊದಲು ಆ ಹೆಸರಿನಿಂದ ಕರೆದ,
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಹೊಸ ಟರ್ಮು ಜನವರಿ ಏಳರ ಗುರುವಾರದಿಂದ, ಹತ್ತೂವರೆಗೆ, ಎರಡನೇ ಮಹಡಿ. ಹೊಸ ವಿದ್ಯಾರ್ಥಿ ಬರುತ್ತಾನೆ. ಪಟ್ಟಿಯಲ್ಲಿ ನಿನ್ನ ಹೆಸರನ್ನು ಮೊದಲನೆಯದಾಗಿ ಬರೆದುಕೊಟ್ಟಿದ್ದೇನೆ. ಬರುವುದಾದರೆ ನೇರವಾಗಿ ಬಂದುಬಿಡು, ಬರುತ್ತೇನೆ ಎಂದು ನನಗೆ ಮುಂಚೆ ತಿಳಿಸಬೇಡ. ತಿಳಿಸಿದರೆ ಅಪ್ಪನಿಗೆ ಹೇಳದೆ ಇರಲು ನನ್ನಿಂದಾಗುವುದಿಲ್ಲ, ಹೇಳಿದರೆ ಕಾಯುತ್ತಾರೆ. ನೀನು ಬರದೆ ಹೋದರೆ, ಯಾಕೆ ಬರಲಿಲ್ಲ ಎಂದು ಕೇಳಲು ಈಗ ಅವರ ಹತ್ತಿರ ಮಾತಿಲ್ಲ.